ಹಿಲ್ಮಿ ಕೇಳದ ಇಪ್ಪತ್ತು ಜಿಬಿ

"ಇಪ್ಪತ್ತು ಜಿಬಿ," ಎಂದಳು ಬಸೀಮಾ, ಫೋನನ್ನು ಗಾಜಿನ ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ. "ನೋಡಿ ಹಾಜ್ಜಾ, ಅವರೇ ಬರೆದಿದಾರೆ. ತಿಂಗಳ ಪ್ಯಾಕೇಜು, ಇವತ್ತೇ ಹಾಕಿಸು ಅಂತ."

ಮೊಳೆ ತರುತ್ತೇನೆಂದು ಹೊರಟ ಅವಳ ಗಂಡ ಹಿಲ್ಮಿ ಹನ್ನೊಂದು ದಿನವಾದರೂ ಮನೆಗೆ ಬಂದಿರಲಿಲ್ಲ. ಬರುತ್ತಿದ್ದುದು ಅವನ ವಾಟ್ಸಾಪ್ ಸಂದೇಶಗಳು ಮಾತ್ರ.

ಇಸ್ಮಾಯಿಲಿಯಾದಲ್ಲಿ ಕೆತ್ತನೆ ಕೆಲಸ ಸಿಕ್ಕಿದೆ, ಹುಡುಕಬೇಡ ಎಂದು ಮೊದಲನೆಯದು. ಮಷೀನಿನ ಸದ್ದು, ಫೋನ್ ಎತ್ತೋಕಾಗಲ್ಲ ಎಂದು ಎರಡನೆಯದು. ಆಮೇಲೆ ದಿನಕ್ಕೊಂದು, ಎರಡು. ಠಾಣೆಯ ಅಧಿಕಾರಿ ಅವನ್ನೆಲ್ಲ ಓದಿ ಫೋನು ವಾಪಸ್ಸು ಕೊಟ್ಟಿದ್ದ. "ಸಂದೇಶ ಕಳಿಸೋ ಗಂಡ ಕಾಣೆಯಾದವನಲ್ಲಮ್ಮ, ಮುನಿಸಿಕೊಂಡವನು. ಬರೀತಿರೋದು ಅವನಲ್ಲ ಅಂತ ತೋರಿಸು, ಆಗ ನನ್ನ ಜನ ಬೀದಿಗಿಳೀತಾರೆ."

ತೋರಿಸುವುದು ಹೇಗೆ? ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಅಷ್ಟೇ ತಾನೆ!" ಎಂದು ನನ್ನ ತಂಗಿಯ ಮಗ ರಿಫತ್ ರೀಚಾರ್ಜ್ ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. ಅಂಗಡಿ ಅವನದು. ತಾಯಿಯಿಲ್ಲದ ಮಗುವಾಗಿ ನನ್ನ ಮಡಿಲಿಗೆ ಬಂದವನಿಗೆ ಈಗ ನಲವತ್ತೆರಡು. ಬರೀ ಇಂಟರ್ನೆಟ್ಟಿನ ಪ್ಯಾಕೇಜು, ಮಾತು ಇಂಟರ್ನೆಟ್ಟು ಎರಡೂ ಇರುವುದು, ತಿಂಗಳ ಕೊನೆಗೆ ಬಿಲ್ಲು ಬರುವ ಸಂಪರ್ಕ, ಇವುಗಳಲ್ಲಿ ಯಾವುದು ಯಾರಿಗೆ ಎಂದು ಮುದುಕರಿಗೆ ಕೂತು ವಿವರಿಸುವುದು ನನ್ನ ಕೆಲಸ. ಬೆರಳಾಡಿಸುವುದು ಅವನ ಕೆಲಸ. "ಪುಸ್ತಕಕ್ಕೆ ಸಹಿ ಹಾಕಮ್ಮ ಬಸೀಮಾ."

ಬೇರೆಯವರ ನಂಬರಿಗೆ ಪ್ಯಾಕೇಜು ಹಾಕಿಸುವವರು ಪುಸ್ತಕದಲ್ಲಿ ಸಹಿ ಹಾಕಬೇಕು. ಆ ನಿಯಮ ನಾನೇ ಮಾಡಿದ್ದು. ಯಾರೋ ಯಾರದೋ ಹೆಂಡತಿಯ ನಂಬರಿಗೆ ಹಾಕಿಸಿ, ಗಂಡ ಬಂದು ನಮ್ಮ ಗಾಜು ಒಡೆದ ಮೇಲೆ.

ಬಸೀಮಾ ಸಹಿ ಹಾಕಿದಳು. ರಿಫತ್ ಬೆರಳೆತ್ತಿದ.

"ತಡಿ," ಎಂದೆ.

"ಯಾಕೆ ದೊಡ್ಡಮ್ಮ?"

ಯಾಕೆಂದು ಹೇಳುವ ಮೊದಲು ನನಗೆ ಕಳೆದ ರಂಜಾನಿನ ಒಂದು ಮಧ್ಯಾಹ್ನ ನೆನಪಾಯಿತು. ಇದೇ ಮೇಜಿನ ಮುಂದೆ ಹಿಲ್ಮಿ ಒಂದು ಗಂಟೆ ನಿಂತಿದ್ದ. ಕಿವಿಯ ಹಿಂದೆ ಪೆನ್ಸಿಲ್, ಹುಬ್ಬಿನ ಮೇಲೆ ಮರದ ಪುಡಿ. ರಿಫತ್ ಒಂದೊಂದೇ ಪ್ಯಾಕೇಜು ಓದಿ ಹೇಳಿದ. ಎಲ್ಲ ಕೇಳಿಸಿಕೊಂಡು ಹಿಲ್ಮಿ, "ನಂಗೆ ಬೇಕಾಗಿರೋದು ಬಸೀಮಾ ದನಿ. ಅದು ಎಷ್ಟು ಜಿಬಿ?" ಎಂದಿದ್ದ.

ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅವನು ನಗಲಿಲ್ಲ. "ಬೀದೀಲಿ ಇಂಟರ್ನೆಟ್ ಇಟ್ಕೊಂಡು ಏನ್ ಮಾಡ್ಲಿ, ಗಾಡಿಗೆ ಸಿಕ್ಕಿ ಸಾಯ್ಲಾ? ಮನೇಲಿ ವೈಫೈ ಇದೆ, ಲಬೀಬನ ಕಾರ್ಖಾನೇಲಿ ಇದೆ. ಸಾಕು." ಬರೀ ಮಾತಿನ ನಿಮಿಷಗಳ ಪ್ಯಾಕೇಜು ತೆಗೆದುಕೊಂಡು ಹೋಗಿದ್ದ. ಆ ನಿಮಿಷಗಳೂ ತಿಂಗಳ ಕೊನೆಗೆ ಉಳಿಯುತ್ತಿದ್ದವು. ಯಾಕೆಂದರೆ ಅವನು ಮಾತಾಡುತ್ತಿದ್ದುದೇ ಕಡಿಮೆ. ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ಸಲ ಬಡಿದರೆ ತಲುಪಿದೆ ಅಂತ. ಎರಡು ಸಲ ಬಡಿದರೆ ಹೊರಟೆ, ಟೀಗಿಡು ಅಂತ. ಮೂರು ಸಲ ಬಡಿದರೆ ಕೆಳಗಿದೀನಿ, ಕೈ ತುಂಬ ಸಾಮಾನಿದೆ, ಇಳಿದು ಬಾ ಅಂತ.

"ಬಸೀಮಾ, ಈ ಹನ್ನೊಂದು ದಿನದಲ್ಲಿ ಒಂದಾದರೂ ಮಿಸ್ಡ್ ಕಾಲ್ ಬಂತಾ?"

ಅವಳು ತಲೆಯಾಡಿಸಿದಳು. "ಠಾಣೇಲಿ ಹೇಳಿದೆ ಹಾಜ್ಜಾ. ಬಾರದ ಕಾಲ್ ಸಾಕ್ಷಿ ಆಗಲ್ಲ ಅಂದ್ರು."

"ಕಾಸು ಖರ್ಚಾಗದ ಮಿಸ್ಡ್ ಕಾಲ್ ಕೊಡಲ್ಲ, ಇಪ್ಪತ್ತು ಜಿಬಿ ಕೇಳ್ತಾನೆ. ಇದು ಹಿಲ್ಮೀನಾ?"

"ದೂರದೂರಲ್ಲಿ ಮನುಷ್ಯ ಬದಲಾಗ್ತಾನೆ ದೊಡ್ಡಮ್ಮ," ಎಂದ ರಿಫತ್. "ಅಲ್ಲಿನ ವೈಫೈ ಸರಿ ಇಲ್ವೇನೋ. ಪಾಪ, ಹಾಕ್ಬಿಡೋಣ. ನನ್ನ ಕಡೆಯಿಂದ ಉಡುಗೊರೆ ಅಂತಾನೇ ಇಟ್ಕೊಳ್ಳಿ."

"ಒಳ್ಳೇ ಮನಸ್ಸು ಕಣೋ ನಿಂದು. ಆದ್ರೆ ಇವತ್ತು ಬೇಡ. ನಾನು ಹೇಳೋವರೆಗೂ ಆ ನಂಬರು ಮುಟ್ಟಬೇಡ. ಯಾರಾದ್ರೂ ಕೇಳಿದ್ರೆ ನೆಟ್‌ವರ್ಕ್ ಇಲ್ಲ ಅನ್ನು."

"ನನ್ನ ಕಣ್ಣಾಣೆ," ಎಂದು ಅವನು ಎರಡೂ ಕಣ್ಣಿಗೆ ಬೆರಳು ಮುಟ್ಟಿಸಿಕೊಂಡ. ಚಿಕ್ಕಂದಿನಲ್ಲಿ ಔಷಧಿ ಕುಡಿದೆ ಎಂದು ಹೇಳುವಾಗಲೂ ಹೀಗೇ ಮುಟ್ಟಿಸಿಕೊಳ್ಳುತ್ತಿದ್ದ.

ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಕೆಳಗೆ ಅಂಗಡಿ, ಮೊದಲನೇ ಮಹಡಿಯಲ್ಲಿ ನಾವು, ಎರಡರಲ್ಲಿ ಒಬ್ಬ ಮೇಷ್ಟ್ರು, ಮೂರನೆಯದು ಕುವೈತಿನಲ್ಲಿರುವವರದು, ವರ್ಷವಿಡೀ ಬೀಗ. ಬಸೀಮಾ ನಾಲ್ಕರಲ್ಲಿ. ನನ್ನ ಮಂಡಿ ನೋವಿಗೆ ಅದು, ನನಗೆ ಹಾಜ್ಜಾ ಎಂಬ ಹೆಸರು ತಂದ ಹಜ್ ಯಾತ್ರೆಯಷ್ಟೇ ದೂರ. ಆದರೂ ಹತ್ತಿದೆ.

ಅವಳ ಅಡುಗೆಮನೆಯಲ್ಲಿ ಕೂತು ನನ್ನ ಎರಡು ಗೆರೆಯ ಪುಸ್ತಕ ತೆರೆದೆ.

"ಒಂದೊಂದೇ ಸಂದೇಶ ಒತ್ತಿ ಹಿಡಿ. ನೀನು ಕಳಿಸಿದ್ದು ಯಾವಾಗ, ಅವನ ಫೋನಿಗೆ ಮುಟ್ಟಿದ್ದು ಯಾವಾಗ, ಎರಡೂ ತೋರಿಸತ್ತೆ. ನೀನು ಓದು, ನಾನು ಬರೀತೀನಿ."

"ಎಲ್ಲಾನಾ? ನೂರಾರು ಇದಾವೆ ಹಾಜ್ಜಾ."

"ನಿಂಗೆ ಬೇರೆ ಕೆಲಸ ಇದೆಯಾ?"

ಅವಳಿಗೆ ಅಳು ಬಂತು. ಅಳುತ್ತಲೇ ಓದಿದಳು. ಎಲ್ಲಿದೀರಿ, ಊಟ ಆಯ್ತಾ, ನನ್ನ ಮೇಲೆ ಕೋಪಾನಾ, ಒಂದು ಸಲ ದನಿ ಕೇಳಿಸಿ. ಹೆಂಗಸು ಗಂಡನಿಗೆ ಬರೆದದ್ದನ್ನು ಇನ್ನೊಬ್ಬರ ಮುಂದೆ ಓದುವುದು ಸುಲಭವಲ್ಲ. ನಾನು ತಲೆಯೆತ್ತದೆ ಗಂಟೆ ನಿಮಿಷ ಮಾತ್ರ ಬರೆದೆ.

ಮೂರು ಪುಟವಾದ ಮೇಲೆ ಪೆನ್ಸಿಲ್ ಕೆಳಗಿಟ್ಟೆ.

ಬೆಳಗ್ಗೆ ಕಳಿಸಿದ್ದು ಆ ಕ್ಷಣವೇ ಮುಟ್ಟಿದೆ. ಸಂಜೆ ಕಳಿಸಿದ್ದೂ ಹಾಗೇ. ಆದರೆ ಮಧ್ಯಾಹ್ನ ಮೂರರಿಂದ ಐದರ ನಡುವೆ ಕಳಿಸಿದ ಒಂದೂ ಆಗಲೇ ಮುಟ್ಟಿಲ್ಲ. ಎಲ್ಲಕ್ಕೂ ಒಂದೇ ಟಿಕ್. ಐದು ಒಂದಕ್ಕೋ, ಐದು ಎರಡಕ್ಕೋ, ಒಟ್ಟಿಗೇ ಎರಡು ಟಿಕ್.

"ಮೂರರಿಂದ ಐದು ಅಂದ್ರೆ ಏನು ಬಸೀಮಾ?"

"ಕರೆಂಟು ಹೋಗೋ ಹೊತ್ತು," ಎಂದಳು ಯೋಚಿಸದೆ.

ಈ ಬೇಸಿಗೆಯಲ್ಲಿ ನಮ್ಮ ಊರು ದುಮಿಯಾತಿನ ಪ್ರತಿಯೊಬ್ಬರಿಗೂ ಆ ಪಟ್ಟಿ ಬಾಯಿಪಾಠ. ನಮ್ಮ ಸಾಲಿಗೆ ಮೂರರಿಂದ ಐದು, ಎದುರು ಸಾಲಿಗೆ ಐದರಿಂದ ಏಳು.

"ಇಸ್ಮಾಯಿಲಿಯಾದಲ್ಲೂ ಅದೇ ಹೊತ್ತಿಗೆ ಹೋಗಬಹುದಲ್ವಾ?" ಎಂದಳು. ನನ್ನ ಬಾಯಿಂದ ಇಲ್ಲ ಎಂಬ ಮಾತು ಬರಲಿ ಎಂದೂ, ಬಾರದಿರಲಿ ಎಂದೂ ಅವಳ ಮುಖ ಕಾಯುತ್ತಿತ್ತು.

"ಹೋಗಬಹುದು. ಆದ್ರೆ ಮಂಗಳವಾರ ನೋಡು."

ಮಂಗಳವಾರ ಅವಳು ನಾಲ್ಕೂವರೆಗೆ ಬರೆದದ್ದು ಮುಟ್ಟಿದ್ದು ಆರು ಹತ್ತಕ್ಕೆ. ಆ ದಿನ ನಮ್ಮ ಸಾಲಿನ ಟ್ರಾನ್ಸ್‌ಫಾರ್ಮರ್ ಸುಟ್ಟು, ಮೇಷ್ಟ್ರು ಬನಿಯನ್ನಿನಲ್ಲೇ ಬೀದಿಗಿಳಿದು ಕೂಗಾಡಿ, ಕರೆಂಟು ಬಂದದ್ದು ಆರು ಒಂಬತ್ತಕ್ಕೆ. ಅಂಗಡಿಯಲ್ಲಿ ಗಡಿಯಾರ ನೋಡಿಕೊಂಡು ಕೂತಿದ್ದವಳು ನಾನೇ.

ನಮ್ಮ ಸಾಲಿನ ಹದಿನಾಲ್ಕು ಕಟ್ಟಡಗಳಲ್ಲಿ ದೀಪ ಹತ್ತಿದ ಒಂದು ನಿಮಿಷಕ್ಕೆ ಹಿಲ್ಮಿಯ ಫೋನಿಗೆ ಜೀವ ಬಂದಿತ್ತು.

ಬಸೀಮಾ ಕುರ್ಚಿಯ ಅಂಚು ಹಿಡಿದುಕೊಂಡಳು. "ಇಲ್ಲೇ ಇದೆ ಅಂತೀರಾ? ಈ ಬೀದೀಲಿ?"

"ಫೋನು ಇಲ್ಲೇ ಇದೆ. ಆ ಸಿಮ್ಮಿನಲ್ಲಿ ಇಂಟರ್ನೆಟ್ ಇಲ್ಲ. ಅದು ಯಾವುದೋ ವೈಫೈ ಕುಡಿದುಕೊಂಡು ಬದುಕಿದೆ. ಗೂಟಕ್ಕೆ ಕಟ್ಟಿದ ಆಡಿನ ಹಾಗೆ, ಆ ಗೋಡೆ ಬಿಟ್ಟು ಆಚೆ ಹೋಗೋಕಾಗಲ್ಲ. ಇಟ್ಟುಕೊಂಡವರಿಗೆ ಈಗ ಅದನ್ನ ಬೇರೆ ಊರಿಗೆ ಸಾಗಿಸಬೇಕಾಗಿದೆ. ಸಾಗಿಸಿದ ಮೇಲೂ ನಿಂಗೆ ಸಂದೇಶ ಬರ್ತಾನೇ ಇರಬೇಕು. ಅದಕ್ಕೇ ಇಪ್ಪತ್ತು ಜಿಬಿ."

"ನಾನು ಸಹಿ ಹಾಕ್ಬಿಟ್ಟೆ!"

"ಸಹಿ ಹಾಕಿದ್ರೆ ಏನು, ಪ್ಯಾಕೇಜು ಹಾಕಿಲ್ಲ. ಆಡು ಗೂಟದಲ್ಲೇ ಇದೆ. ಈಗ ಗೂಟ ಯಾರ ಮನೇದು ನೋಡೋಣ. ಈ ಪುಸ್ತಕ ನಾಳೆ ಠಾಣೆಗೆ."

ಹಿಲ್ಮಿಯ ಫೋನಿಗೆ ಪರಿಚಯವಿದ್ದ ವೈಫೈ ಎರಡೇ. ಒಂದು ಈ ಮನೆಯದು. ಇನ್ನೊಂದು ಅವನ ಪಾಲುದಾರ ಲಬೀಬನ ಕಾರ್ಖಾನೆಯದು, ನಮ್ಮದೇ ಸಾಲಿನಲ್ಲಿ ಮೂರನೇ ಕಟ್ಟಡ.

ನಾನು ಹೋದಾಗ ಮೂರೂವರೆ. ಕರೆಂಟು ಹೋಗಿ ಗರಗಸಗಳು ಸುಮ್ಮನಿದ್ದವು. ಲಬೀಬ್ ಅಂಟು ಕಾಯಿಸುವ ಒಲೆಯ ಮೇಲೆಯೇ ಟೀ ಕಾಯಿಸಿಕೊಳ್ಳುತ್ತಿದ್ದ. ದಪ್ಪ ಹೊಟ್ಟೆ, ಸಣ್ಣ ಕಣ್ಣು.

"ಏನ್ ಹಾಜ್ಜಾ, ಕತ್ತಲಲ್ಲಿ ಬೀರು ಕೊಳ್ಳೋಕೆ ಬಂದ್ರಾ?"

"ನಿನ್ನ ವೈಫೈ ನೋಡೋಕೆ ಬಂದೆ."

ಅವನ ಲೋಟ ಬಾಯಿಯ ಹತ್ತಿರ ನಿಂತಿತು. "ವೈಫೈ ನೋಡೋಕೆ? ಅದೇನು ಮದುವೆ ಹೆಣ್ಣಾ?"

"ಹಿಲ್ಮಿ ಫೋನು ಈ ಸಾಲಲ್ಲೇ ಇದೆ, ಲಬೀಬ್. ಕರೆಂಟು ಹೋದ್ರೆ ಸಾಯತ್ತೆ, ಬಂದ್ರೆ ಹುಟ್ಟತ್ತೆ. ಅದಕ್ಕೆ ಗೊತ್ತಿರೋ ಮನೆ ಎರಡು. ಅದರಲ್ಲಿ ಇದೊಂದು."

"ಓಹೋ!" ಲೋಟವನ್ನು ಹಲಗೆಗೆ ಕುಟ್ಟಿದ. "ನೇರವಾಗಿ ಹೇಳಿ. ಹಿಲ್ಮೀನ ನಾನೇ ನುಂಗಿದೀನಿ ಅಂತ."

"ನುಂಗಿದ್ರೆ ಹೊಟ್ಟೆ ಕಾಣಿಸಬೇಕಿತ್ತು."

"ಕಾಣಿಸ್ತಾನೇ ಇದೆಯಲ್ಲ," ಎಂದ ಮೂಲೆಯಲ್ಲಿ ಪಾಲಿಶ್ ಹಾಕುತ್ತಿದ್ದ ಮುದುಕ. ಲಬೀಬ್ ಅವನ ಕಡೆ ಚಿಂದಿ ಬಟ್ಟೆ ಎಸೆದ.

"ಅವನು ಹೋದ ಹಿಂದಿನ ದಿನ ಇಬ್ಬರೂ ಜಗಳ ಆಡಿದ್ರಿ."

"ಆಡಿದ್ವಿ. ದಿನಾ ಆಡ್ತೀವಿ. ಇಪ್ಪತ್ತು ವರ್ಷದಿಂದ ಆಡ್ತಿದೀವಿ. ಅವನು ಹೂವಿನ ಎಸಳು ಏಳು ಅಂತಾನೆ, ಗಿರಾಕಿ ಐದು ಕೇಳಿರ್ತಾನೆ. ಬನ್ನಿ ಇಲ್ಲಿ. ಬನ್ನಿ, ನೋಡೋಕೆ ಬಂದ್ರಲ್ಲ!"

ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಮರದ ತೆಳು ಹಾಳೆಗಳ ಗುಡ್ಡೆ ಗಾಳಿಗೆ ಹಾರದಂತೆ ಮೇಲೊಂದು ಭಾರ ಇಟ್ಟಿತ್ತು. ಅದೇ ವೈಫೈ ಪೆಟ್ಟಿಗೆ. ಅದರ ಮೇಲೆ ಅಂಟಿನ ಡಬ್ಬ ಇಟ್ಟ ಗುಂಡನೆಯ ಕಲೆ, ತಂತಿ ಸಿಕ್ಕಿಸುವ ತೂತಿನ ತುಂಬ ಗಟ್ಟಿಯಾದ ಮರದ ಪುಡಿ. ಉಗುರಿನಿಂದ ಕೆರೆದು ನೋಡಿದೆ. ಹನ್ನೊಂದು ದಿನದ ಪುಡಿಯಲ್ಲ.

"ತಿಂಗಳ ಮೇಲಾಯ್ತು ತೆಗೆಸಿ. ಇವ್ರೆಲ್ಲ ಮ್ಯಾಚು ನೋಡ್ತಾ ಬೀರಿನ ಬಾಗಿಲು ತಲೆಕೆಳಗೆ ಕೂರಿಸ್ತಿದ್ರು." ಲಬೀಬನ ದನಿ ಇಳಿಯಿತು. "ಹಾಜ್ಜಾ, ಅವನ ಉಳಿ ಇನ್ನೂ ಅವನು ಇಟ್ಟ ಜಾಗದಲ್ಲೇ ಇದೆ. ಕೆಲಸಕ್ಕೆ ಬೇರೆ ಊರಿಗೆ ಹೋಗೋ ಕೆತ್ತನೆಯವನು ಉಳಿ ಬಿಟ್ಟು ಹೋಗ್ತಾನಾ? ನಾನೂ ಠಾಣೆಗೆ ಹೋಗಿ ಹೇಳಿದೆ. ಅವ್ರು ನಂಗೇ ನೂರು ಪ್ರಶ್ನೆ ಕೇಳಿದ್ರು."

ಅವನ ಕಣ್ಣು ನೋಡಿದೆ. ಸಣ್ಣ ಕಣ್ಣು ಒದ್ದೆಯಾಗಿತ್ತು. ಅನುಮಾನಿಸಿದ್ದಕ್ಕೆ ಕ್ಷಮಿಸು ಎಂದೆ.

"ಕ್ಷಮಿಸ್ತೀನಿ. ನಿಮ್ಮ ಮನೆಯಿಂದ ಒಳ್ಳೇ ವ್ಯಾಪಾರ ಆಯ್ತಲ್ಲ," ಎಂದ, ಮೂಗು ಒರೆಸಿಕೊಂಡು. "ಮೊನ್ನೆ ರಿಫತ್ ಬಂದು ಇದ್ದುದರಲ್ಲೇ ದೊಡ್ಡ ಬೀರು ತಗೊಂಡ. ಚೌಕಾಸಿ ಮಾಡದೆ ಬೀರು ತಗೊಳ್ಳೋನನ್ನ ದುಮಿಯಾತಿನಲ್ಲಿ ಇದೇ ಮೊದಲು ನೋಡಿದ್ದು. ಏನು, ಮದುವೆ ಗಿದುವೆ ಇದೆಯಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ, "ಹೂಂ, ನೋಡ್ತಿದಾನೆ," ಎಂದು ಹೊರಟೆ.

ನನ್ನ ತಲೆಯಲ್ಲಿ ಇದ್ದದ್ದು ಬೀರಲ್ಲ, ವೈಫೈ. ಎರಡರಲ್ಲಿ ಒಂದು ಹೋದರೆ ಉಳಿಯುವುದು ಒಂದು. ಆಡು ಕಟ್ಟಿದ ಗೂಟ ಬಸೀಮಾಳ ಮನೆಯದೇ.

ಮತ್ತೆ ಮೆಟ್ಟಿಲು. ಕಿಟಕಿಯಿಲ್ಲದ ಮೆಟ್ಟಿಲು, ಹಗಲಲ್ಲೂ ಕತ್ತಲು. ಮೂರನೇ ಮಹಡಿಯ ತಿರುವಿನಲ್ಲಿ ನಾಲ್ಕು ಜನ ಹಮಾಲಿಗಳು ಒಂದು ಬೀರು ಇಳಿಸುತ್ತಿದ್ದರು. "ಹೇಲಾ ಹೋಪ್! ನಿಧಾನ, ನಿಧಾನ!" ನಾನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆ.

"ಯಾರದ್ದಪ್ಪಾ?"

"ಕುವೈತಿನವರದ್ದು ಹಾಜ್ಜಾ. ದೇವರು ನಿಮ್ಮ ಮಂಡಿಗೆ ಶಕ್ತಿ ಕೊಡಲಿ."

"ನಿಮ್ಮ ಬೆನ್ನಿಗೂ ಕೊಡಲಿ," ಎಂದು ಹತ್ತಿದೆ. ಬೀರು ಮಾಡುವ ಊರಿನಲ್ಲಿ ಮೆಟ್ಟಿಲ ಮೇಲಿನ ಬೀರನ್ನು ಯಾರು ತಿರುಗಿ ನೋಡುತ್ತಾರೆ? ಬೆಕ್ಕು ಇಳಿದು ಹೋದ ಹಾಗೆ.

ಬಸೀಮಾ ಬಾಗಿಲಲ್ಲೇ ನಿಂತಿದ್ದಳು. "ಲಬೀಬ್ ಏನಂದ?"

"ಅವನಲ್ಲ. ಅವನ ಕಾರ್ಖಾನೇಲಿ ಈಗ ವೈಫೈಯೇ ಇಲ್ಲ." ನಾನು ಉಸಿರು ತೆಗೆದುಕೊಂಡೆ. "ಬಸೀಮಾ, ಆ ಫೋನು ಕುಡೀತಿರೋದು ನಿನ್ನ ವೈಫೈ. ಈ ಗೋಡೆಗಳ ಆಸುಪಾಸಲ್ಲೇ ಇದೆ."

ಅವಳು ಗಾಬರಿಯಾಗಲಿಲ್ಲ. ಹಣೆ ಗಂಟಿಕ್ಕಿದಳು. "ಆಗಲ್ಲ ಹಾಜ್ಜಾ. ಹೇಗಾಗತ್ತೆ? ಪಾಸ್‌ವರ್ಡ್ ಬದಲಾಯ್ಸಿದೀನಲ್ಲ."

"ಯಾವಾಗ?"

"ಅವರು ಹೋಗಿ ಐದನೇ ದಿನ. ಪಕ್ಕದ ಕಟ್ಟಡದವರು ಕದ್ದು ಬಳಸ್ತಿದಾರೆ, ತಿಂಗಳ ಮಧ್ಯಕ್ಕೇ ಇಂಟರ್ನೆಟ್ ಮುಗಿದುಹೋಗತ್ತೆ, ಗಂಡನ ಸಂದೇಶ ಬರದೇ ಇದ್ರೆ ಏನ್ ಮಾಡ್ತೀಯ ಅಂತ ಹೆದರಿಸಿದ್ರು. ಬದಲಾಯ್ಸಿಬಿಟ್ಟೆ. ಹಳೇ ಪಾಸ್‌ವರ್ಡ್ ಇರೋ ಅವರ ಫೋನು ಆವತ್ತೇ ಕಡಿದುಹೋಗಿರಬೇಕಲ್ವಾ?"

ಪುಸ್ತಕ ತೆರೆದೆ. ಐದನೇ ದಿನ, ಆರು, ಏಳು. ಎಲ್ಲ ಮುಟ್ಟಿವೆ. ಅಂದರೆ ಹೊಸ ಪಾಸ್‌ವರ್ಡನ್ನು ಯಾರೋ ಆ ಫೋನಿಗೆ ಹಾಕಿದ್ದಾರೆ.

"ಹೊಸದು ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ನಂಗೇ ಬಾಯಿಗೆ ಬರಲ್ಲ, ಅಷ್ಟುದ್ದ ಇದೆ. ಅವನೇ ಹಾಕಿದ್ದು. ನನ್ನ ಫೋನಿಗೂ ಅವನೇ ಒತ್ತಿಕೊಟ್ಟ."

"ಯಾರು?"

"ನಿಮ್ಮ ರಿಫತ್. ಹೆದರಿಸಿದ್ದೂ ಅವನೇ. ಇನ್ಯಾರು ಮಾಡ್ತಾರೆ ಹಾಜ್ಜಾ, ಈ ಬೀದೀಲಿ ಎಲ್ಲರ ವೈಫೈ ಅವನೇ ಅಲ್ವಾ ಮಾಡೋದು?"

ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ಅವನು ಕಣ್ಣಿಗೆ ಮುಟ್ಟಿಸಿಕೊಂಡ ಬೆರಳು ನೆನಪಾಯಿತು. ಆ ಔಷಧಿಯನ್ನು ಅವನು ಕುಂಡಕ್ಕೆ ಸುರಿಯುತ್ತಿದ್ದ. ಗಿಡ ಒಣಗಿದ ಮೇಲೆ ನನಗೆ ತಿಳಿದದ್ದು.

"ಹಾಜ್ಜಾ, ಯಾಕೆ ಹೀಗೆ ಕೂತ್ರಿ?"

"ಒಂದು ಸಂದೇಶ ಕಳಿಸು. ಹಿಲ್ಮಿ ಫೋನಿಗೆ. ಊಟ ಆಯ್ತಾ ಅಂತ."

"ಈಗ ಮುಟ್ಟಲ್ಲ. ಕರೆಂಟಿಲ್ಲ."

"ಮುಟ್ಟಲ್ಲ ಅಂತ ನೋಡೋಕೇ."

ಗೋಡೆ ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಫ್ಯಾನು ನಿಂತಿತ್ತು. ಮೂಲೆಯಲ್ಲಿ ವೈಫೈ ಪೆಟ್ಟಿಗೆಯ ದೀಪಗಳೆಲ್ಲ ಆರಿದ್ದವು. ಬಸೀಮಾ ಒತ್ತಿದಳು. ಮನೆಯ ವೈಫೈ ಇಲ್ಲದಿದ್ದರೂ ಅವಳ ಸಿಮ್ಮಿನಲ್ಲಿ ಪ್ಯಾಕೇಜು ಇತ್ತು, ಸಂದೇಶ ಹೋಯಿತು. ಒಂದು ಟಿಕ್.

ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಎರಡು ಟಿಕ್ ಆಯಿತು.

ಬಸೀಮಾ ತಲೆಯೆತ್ತಿ ಫ್ಯಾನು ನೋಡಿದಳು. ನಾನೂ ನೋಡಿದೆ. ಅದು ತಿರುಗುತ್ತಿರಲಿಲ್ಲ.

ಫೋನು ಸಣ್ಣಗೆ ನಡುಗಿತು. ಹಿಲ್ಮಿಯ ಹೆಸರಲ್ಲಿ ಉತ್ತರ: "ಪ್ಯಾಕೇಜು ಬಂತು. ದೇವರು ನಿಂಗೆ ಒಳ್ಳೇದು ಮಾಡಲಿ. ಇನ್ನು ದಿನಾ ಬರೀತೀನಿ."

ಕೆಳಗಿನ ರೀಚಾರ್ಜ್ ಯಂತ್ರಕ್ಕೆ ಬ್ಯಾಟರಿ ಇದೆ. ಕರೆಂಟು ಹೋದರೂ ನಮ್ಮ ವ್ಯಾಪಾರ ನಿಲ್ಲುವುದಿಲ್ಲ. ಹೆಂಡತಿಯೇ ಹಾಕಿಸಿದಳೆಂದು ತೋರಿಸಲು ರಿಫತನಿಗೆ ಬೇಕಾಗಿದ್ದುದು ಪುಸ್ತಕದಲ್ಲಿ ಬಸೀಮಾಳ ಸಹಿ ಮಾತ್ರ. ಅದನ್ನು ಮಧ್ಯಾಹ್ನವೇ ನನ್ನೆದುರಿಗೇ ಪಡೆದುಕೊಂಡಿದ್ದ.

"ಹಾಕಬೇಡ ಅಂದಿದ್ರಲ್ಲ," ಎಂದು ಬಸೀಮಾ ಪಿಸುಗುಟ್ಟಿದಳು. "ನೀವು ಅವನಿಗೆ..."

ಅವಳ ಮಾತು ಮುಗಿಯಲಿಲ್ಲ. ಫೋನು ಬಡಿಯಿತು. ವಾಟ್ಸಾಪ್ ಅಲ್ಲ, ಮಾಮೂಲಿ ಕರೆ. ಹಿಲ್ಮಿಯ ನಂಬರು. ಒಂದು ಸಲ ಬಡಿದು ಕಡಿಯಿತು.

ಮತ್ತೆ ಬಡಿದು ಕಡಿಯಿತು.

ಬಸೀಮಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೂರನೇ ಸಲ.

ಇದನ್ನು ಜಗತ್ತಿನಲ್ಲಿ ಒಬ್ಬನೇ ಒತ್ತಬಲ್ಲ. ಅವನು ಬದುಕಿದ್ದಾನೆ. ಬೆರಳಾಡಿಸುವಷ್ಟು ಬದುಕಿದ್ದಾನೆ.

"ಕೆಳಗಿದಾರೆ!" ಬಸೀಮಾ ಬರಿಗಾಲಲ್ಲಿ ಮೆಟ್ಟಿಲಿಗೆ ಓಡಿದಳು. ನನ್ನ ಮಂಡಿ ಅಷ್ಟು ವೇಗ ಓಡುವುದಿಲ್ಲ. ನಾನು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದೆ.

ಬೀದಿಯಲ್ಲಿ ಹಿಲ್ಮಿ ಇರಲಿಲ್ಲ. ನಮ್ಮ ಅಂಗಡಿಯ ಬಾಗಿಲು ಎಳೆದಿತ್ತು. ಹಗಲು ಹೊತ್ತಿನಲ್ಲಿ ಅದನ್ನು ಮುಚ್ಚಿದ್ದನ್ನು ನಾನು ಕಂಡದ್ದೇ ಇಲ್ಲ. ಅದರ ಮುಂದಿನಿಂದ ತೆರೆದ ಬೆನ್ನಿನ ಒಂದು ಸಾಮಾನು ಗಾಡಿ ಆಗಷ್ಟೇ ಹೊರಡುತ್ತಿತ್ತು. ಡ್ರೈವರನ ಪಕ್ಕದ ಕಿಟಕಿಯಲ್ಲಿ ಒಂದು ಮೊಣಕೈ. ಆ ಚೌಕುಳಿ ಅಂಗಿಯನ್ನು ಬೆಳಗ್ಗೆ ಇಸ್ತ್ರಿ ಮಾಡಿದವಳು ನಾನು.

ಗಾಡಿಯ ಬೆನ್ನ ಮೇಲೆ, ಹಗ್ಗದಿಂದ ಬಿಗಿದು, ಮೆಟ್ಟಿಲಲ್ಲಿ ನಾನು ದಾರಿ ಬಿಟ್ಟ ಬೀರು. ವರ್ಷವಿಡೀ ಬೀಗವಿರುವ ಮೂರನೇ ಮಹಡಿಯಿಂದ ಇಳಿದದ್ದು, ರಿಫತ್ ಚೌಕಾಸಿ ಮಾಡದೆ ಕೊಂಡದ್ದು.

ದುಮಿಯಾತಿನಲ್ಲಿ ಹುಟ್ಟಿದ ಯಾರೂ ಬೀರನ್ನು ಜೋಡಿಸಿದ ಹಾಗೇ ಮೆಟ್ಟಿಲಿಳಿಸುವುದಿಲ್ಲ. ಬಾಗಿಲು ಕಳಚಿ, ಬೆನ್ನಿನ ಹಲಗೆ ಕಳಚಿ, ಒಬ್ಬೊಬ್ಬನು ಒಂದೊಂದು ಹೊತ್ತು ಇಳಿಸುತ್ತಾರೆ. ಅರವತ್ತೆಂಟು ವರ್ಷ ಈ ಊರಲ್ಲಿ ಬಾಳಿದವಳು ನಾನು. ಅದರ ಮೈ ನನ್ನ ಭುಜಕ್ಕೆ ತಾಗಿತ್ತು. ಹಮಾಲಿಗಳ ಬೆನ್ನಿಗೆ ದೇವರು ಶಕ್ತಿ ಕೊಡಲಿ ಎಂದು ನಾನೇ ಹರಸಿ ಕಳಿಸಿದ್ದೆ. ಉತ್ತರ ಬರೆದ ಮೇಲೆ ರಿಫತ್ ಫೋನನ್ನೂ ಅದರೊಳಗೇ ಬಚ್ಚಿಟ್ಟಿರಬೇಕು, ಅದು ಒಳಗಿದ್ದ ಹಿಲ್ಮಿಯ ಬೆರಳಿಗೆ ಸಿಕ್ಕಿತ್ತು.

ಬಸೀಮಾ ಬರಿಗಾಲಲ್ಲಿ ಬೀದಿಗೆ ಬಂದು ನಿಂತಾಗ ಗಾಡಿ ತಿರುವಿನಲ್ಲಿತ್ತು. ಮೇಜಿನ ಮೇಲೆ ಬಿಟ್ಟುಹೋದ ಅವಳ ಫೋನು ನನ್ನ ಬೆನ್ನ ಹಿಂದೆ ಮತ್ತೆ ಬಡಿಯಿತು. ಒಂದು, ಎರಡು, ಮೂರು.